ಮಕ್ಕಳ ಮಿದುಳಿನ ರಕ್ತನಾಳದ ಉಬ್ಬು: ಪಾಲಕರ ತಿಳುವಳಿಕೆಗಾಗಿ

ಮಿದುಳಿಗೆ ರಕ್ತ ಒಯ್ಯುವ ನಾಳದ ಗೋಡೆ ಒಂದು ಕಡೆ ಸವೆದು, ಹಳೆಯ ಸೈಕಲ್ ಟ್ಯೂಬಿನಂತೆ ಉಬ್ಬುವುದಕ್ಕೆ ಅನ್ಯೂರಿಸಂ ಎನ್ನುತ್ತಾರೆ. ಇದು ಕ್ಯಾನ್ಸರ್ ಗಡ್ಡೆಯಲ್ಲ. ಹೆಚ್ಚಾಗಿ ದೊಡ್ಡವರಿಗೆ ಬರುವ ಕಾಯಿಲೆ. ಈ ರೋಗಿಗಳಲ್ಲಿ ಮಕ್ಕಳು ನೂರಕ್ಕೆ 5ಕ್ಕಿಂತ ಕಡಿಮೆ. ಕೆಲವರಲ್ಲಿ ನಾಳದ ಗೋಡೆಯೇ ದುರ್ಬಲವಾಗಿರುತ್ತದೆ. ತಲೆಗೆ ಬಿದ್ದ ಪೆಟ್ಟು, ಹೃದಯದ ಕವಾಟಕ್ಕೆ ತಗುಲಿದ ಸೋಂಕು ಸಹ ಕಾರಣವಾಗಬಹುದು. ಗ್ರಹಣ, ದೃಷ್ಟಿ, ತಾಯಿ ಬಸಿರಿನಲ್ಲಿ ತಿಂದದ್ದು ಇವಾವುವೂ ಕಾರಣವಲ್ಲ. ತಾಯಂದಿರನ್ನು ದೂರಬೇಡಿ.

ಉಬ್ಬು ಒಡೆದಾಗ ಮಗು ಒಮ್ಮೆಲೇ ತಲೆ ಹಿಡಿದುಕೊಂಡು ಅಳುತ್ತದೆ, ವಾಂತಿ ಮಾಡುತ್ತದೆ. ಫಿಟ್ಸ್ ಬರಬಹುದು, ಎಚ್ಚರ ತಪ್ಪಬಹುದು. ಆದರೆ ಅನೇಕ ಮಕ್ಕಳು ಒಂದೆರಡು ದಿನಗಳಲ್ಲೇ ಎದ್ದು ಕುಳಿತು ಊಟ ಕೇಳುತ್ತಾರೆ. ಆಗ ಮನೆಯ ಹಿರಿಯರು, "ಹುಡುಗ ಆರಾಮ ಆಗ್ಯಾನಲ್ರೀ, ಇನ್ನ ತಲಿ ಯಾಕ ತೆರೀಬೇಕು?" ಎನ್ನುತ್ತಾರೆ. ಪ್ರಶ್ನೆ ಸಹಜವೇ. ಆದರೆ ಒಡೆದ ಜಾಗವನ್ನು ಆಗ ಮುಚ್ಚಿರುವುದು ಹೆಪ್ಪುಗಟ್ಟಿದ ರಕ್ತ ಮಾತ್ರ. ಮತ್ತೆ ಒಡೆಯುವ ಅಪಾಯ ಮೊದಲ 24 ಗಂಟೆಗಳಲ್ಲಿ ಅತಿ ಹೆಚ್ಚು. ನಂತರದ ಕೆಲವು ವಾರಗಳೂ ಅಪಾಯದವೇ. ಎರಡನೆಯ ಸಲದ ರಕ್ತಸ್ರಾವದಿಂದ ಮಗು ಉಳಿಯುವುದು ಕಷ್ಟ. ಸೋಂಕಿನಿಂದಾದ ಕೆಲವು ಉಬ್ಬುಗಳು ಆಂಟಿಬಯೋಟಿಕ್‌ನಿಂದ ಕುಗ್ಗುವುದುಂಟು. ಉಳಿದವು ಔಷಧದಿಂದ ಹೋಗುವುದಿಲ್ಲ.

ಆಂಜಿಯೋಗ್ರಾಂ ನೋಡಿ ವೈದ್ಯರು ದಾರಿ ನಿರ್ಧರಿಸುತ್ತಾರೆ. ಒಂದು, ತಲೆಬುರುಡೆಯಲ್ಲಿ ಸಣ್ಣ ಭಾಗ ತೆರೆದು, ಸೂಕ್ಷ್ಮದರ್ಶಕದಡಿ ಉಬ್ಬಿನ ಬುಡಕ್ಕೆ ಲೋಹದ ಕ್ಲಿಪ್ ಹಾಕುವುದು. ಅಮೆರಿಕದ ವಾಲ್ಟರ್ ಡ್ಯಾಂಡಿ 1937ರಲ್ಲಿ ಆರಂಭಿಸಿದ ಈ ವಿಧಾನ ಈಗಲೂ ನಂಬಿಗಸ್ತವಾದುದು. ಇನ್ನೊಂದು, ತೊಡೆಸಂದಿಯ ನಾಳದಿಂದ ತೆಳುವಾದ ಕೊಳವೆ ಸಾಗಿಸಿ ಉಬ್ಬಿನೊಳಗೆ ಪ್ಲಾಟಿನಂ ಸುರುಳಿ ತುಂಬುವುದು. ಇದು 1990ರ ದಶಕದಿಂದ ಬಳಕೆಯಲ್ಲಿದೆ. ತಲೆ ತೆರೆಯದ್ದೇ ಮೇಲು ಎಂದು ಭಾವಿಸಬೇಡಿ. ಉಬ್ಬು ಎಲ್ಲಿದೆ, ಎಷ್ಟು ದೊಡ್ಡದು, ಅದರ ಬುಡ ಎಷ್ಟು ಅಗಲ ಎಂಬುದರ ಮೇಲೆ ಆಯ್ಕೆ. ಎರಡೂವರೆ ಸೆಂಟಿಮೀಟರ್‌ಗಿಂತ ದೊಡ್ಡ ಉಬ್ಬುಗಳು ದೊಡ್ಡವರಿಗಿಂತ ಮಕ್ಕಳಲ್ಲಿ ಹೆಚ್ಚು. ಅಂಥ ಕೆಲವರಿಗೆ ಆ ನಾಳವನ್ನೇ ಮುಚ್ಚಿ, ಬೈಪಾಸ್ ಮಾಡಿ ರಕ್ತಕ್ಕೆ ಬೇರೆ ದಾರಿ ಕೊಡಬೇಕಾಗುತ್ತದೆ.

ಶಸ್ತ್ರಚಿಕಿತ್ಸೆ ಚೆನ್ನಾಗಿ ಆದರೂ ಬೇಗ ಡಿಸ್ಚಾರ್ಜ್ ಕೇಳಬೇಡಿ. ರಕ್ತಸ್ರಾವವಾದ 4ರಿಂದ 14ನೆಯ ದಿನದವರೆಗೆ ಮಿದುಳಿನ ನಾಳಗಳು ಬಿಗಿದುಕೊಳ್ಳುವ ಭಯವಿರುತ್ತದೆ. ಮಾತು ತೊದಲಿದರೆ, ಕೈ ಸೋತರೆ, ಮಗು ಮಂಕಾದರೆ ರಾತ್ರಿಯಾದರೂ ಸರಿ, ನರ್ಸ್ ಅವರನ್ನು ಎಬ್ಬಿಸಿ ಹೇಳಿ.

ಕ್ಲಿಪ್ಪಿನ ವಿವರವಿರುವ ಕಾಗದವನ್ನು ಜೋಪಾನವಾಗಿಡಿ, ಮುಂದೆ ಎಂ.ಆರ್.ಐ. ಮಾಡಿಸುವ ಮೊದಲು ಅದನ್ನು ತೋರಿಸಬೇಕು. ಮಕ್ಕಳ ಮುಂದೆ ದೊಡ್ಡ ಆಯುಷ್ಯವಿದೆ. ಉಬ್ಬು ಮರುಕಳಿಸಬಹುದು ಅಥವಾ ಬೇರೆಡೆ ಹೊಸದು ಹುಟ್ಟಬಹುದು. ಆದ್ದರಿಂದ ವೈದ್ಯರು ಹೇಳಿದ ವರ್ಷಗಳಲ್ಲಿ, ಮಗು ಶಾಲೆಗೆ ಹೋಗಿ ಆಡಿಕೊಂಡಿದ್ದರೂ, ತಪ್ಪದೆ ಕರೆತಂದು ಪರೀಕ್ಷೆ ಮಾಡಿಸಿ.