ಡಿಪೆಂಡೆಂಟ್ ವೀಸಾ, ಇಂಡಿಪೆಂಡೆಂಟ್ ಕರಿಯರ್: ಹನ್ನೊಂದು ಸೂತ್ರಗಳು

ಮದುವೆಯಾಯಿತು. ಗಂಡನ ಎಚ್-1ಬಿ ಜೊತೆಗೆ ನಿಮ್ಮ ಪಾಸ್‌ಪೋರ್ಟಿಗೂ ಎಚ್-4 ವೀಸಾ ಬಿತ್ತು. ದಾವಣಗೆರೆಯಿಂದ ಡಲ್ಲಾಸ್‌ಗೆ ಬಂದಿಳಿದಿರಿ. ಈಗ ಕಂಪ್ಯೂಟರ್ ಸೈನ್ಸ್ ಓದಬೇಕು, ಅಮೆರಿಕದಲ್ಲೇ ಕೆಲಸ ಹಿಡಿಯಬೇಕು. ಒಳ್ಳೆಯದು. "ನನ್ನ ಕೈಲಿ ಆಗುತ್ತಾ?" ಅನ್ನುವ ಪ್ರಶ್ನೆ ಬಿಡಿ, "ಯಾವ ಸೆಮಿಸ್ಟರ್‌ನಿಂದ?" ಅಂತ ಕೇಳಿಕೊಳ್ಳಿ. ಇಲ್ಲಿ ಕೋಡಿಂಗ್‌ನಲ್ಲಿ ಎಡವುವವರಷ್ಟೇ ಜನ ಕಾಗದಪತ್ರದಲ್ಲೂ ಎಡವುತ್ತಾರೆ. ಹಾಗಾಗಿ ಮುಂದೆ ಅಲ್ಗಾರಿದಮ್ ಜೊತೆಗೆ ಅರ್ಜಿ ನಮೂನೆಗಳೂ ಬರುತ್ತವೆ. ಬೋರ್ ಅನ್ನಬೇಡಿ.

1. ನಿಮ್ಮ ವೀಸಾ ನಿಯಮ ನೀವೇ ಓದಿ

"ಅವರಿಗೆ ಗೊತ್ತು, ಅವರ ಕಂಪನಿ ಲಾಯರ್‌ಗೆ ಗೊತ್ತು" ಅಂತ ಕೂರಬೇಡಿ. ಕಂಪನಿ ಲಾಯರ್ ಕಂಪನಿಯ ಕೆಲಸ ನೋಡುತ್ತಾರೆ. ನಿಮ್ಮ ಓದು ಅವರ ಫೈಲಿನಲ್ಲೇ ಇಲ್ಲ.

ತಿಳಿದಿರಬೇಕಾದ್ದು ಇಷ್ಟು. ಎಚ್-4ರಲ್ಲಿ ಧಾರಾಳವಾಗಿ ಓದಬಹುದು. ಫುಲ್ ಟೈಮ್ ಆದರೂ ಸರಿ, ಸೆಮಿಸ್ಟರ್‌ಗೆ ಒಂದೇ ಕೋರ್ಸ್ ಆದರೂ ಸರಿ. ಓದಲು ಸ್ಟೂಡೆಂಟ್ ವೀಸಾ ಬೇಕೇ ಬೇಕು ಅನ್ನುವುದು ತಪ್ಪು. ಆದರೆ ದುಡಿಯುವಂತಿಲ್ಲ. ಕ್ಯಾಂಪಸ್ ಲೈಬ್ರರಿಯ ಪಾರ್ಟ್‌ಟೈಮ್ ಕೆಲಸವೂ ಇಲ್ಲ, ಸಂಬಳದ ಟೀಚಿಂಗ್ ಅಸಿಸ್ಟೆಂಟ್ ಕೆಲಸವೂ ಇಲ್ಲ. ಅದಕ್ಕೆ ಇಎಡಿ ಕಾರ್ಡ್, ಅಂದರೆ ಕೆಲಸದ ಪರವಾನಗಿ ಬೇಕು. 2015ರ ಮೇ 26ರಿಂದ ಜಾರಿಯಲ್ಲಿರುವ ನಿಯಮದಂತೆ, ಗಂಡನ ಗ್ರೀನ್ ಕಾರ್ಡ್ ದಾರಿಯಲ್ಲಿ ಕಂಪನಿ ಹಾಕಿದ ಐ-140 ಅರ್ಜಿ ಮಂಜೂರಾಗಿದ್ದರೆ, ಅಥವಾ ಅದೇ ಪ್ರಕ್ರಿಯೆಯ ಆಧಾರದ ಮೇಲೆ ಅವರ ಎಚ್-1ಬಿ ಆರು ವರ್ಷದ ಮಿತಿ ದಾಟಿ ವಿಸ್ತರಣೆಯಾಗಿದ್ದರೆ, ನೀವು ಐ-765 ಅರ್ಜಿ ಹಾಕಬಹುದು. ಕಾರ್ಡ್ ಕೈಗೆ ಬಂತೆಂದರೆ ಸ್ಪಾನ್ಸರ್ ಬೇಡ, ಲಾಟರಿ ಬೇಡ. ಯಾವ ಕಂಪನಿಗಾದರೂ ಹೋಗಿ.

ಐ-140 ಇನ್ನೂ ದೂರವಿದೆಯೇ? ಆಗ ಎಫ್-1, ಅಂದರೆ ಸ್ಟೂಡೆಂಟ್ ವೀಸಾದ ದಾರಿ ನೋಡಿ. ಅಮೆರಿಕದಲ್ಲೇ ಇದ್ದು ಬದಲಾಯಿಸಿಕೊಳ್ಳಲು ಐ-539 ಅರ್ಜಿ. ಲಾಭ ದೊಡ್ಡದು: ಓದುವಾಗ ಸಿಪಿಟಿಯಲ್ಲಿ ಇಂಟರ್ನ್‌ಶಿಪ್, ಮುಗಿದ ಮೇಲೆ 12 ತಿಂಗಳು ಕೆಲಸ ಮಾಡಲು ಬಿಡುವ ಒಪಿಟಿ, ಕಂಪ್ಯೂಟರ್ ಸೈನ್ಸ್ ಆದ್ದರಿಂದ ಇನ್ನೂ 24 ತಿಂಗಳ ಸ್ಟೆಮ್ ವಿಸ್ತರಣೆ. ಒಟ್ಟು ಮೂರು ವರ್ಷ ದುಡಿಯಬಹುದು. ತೆರಬೇಕಾದ್ದೂ ಇದೆ. ಫುಲ್ ಟೈಮ್ ಓದಲೇಬೇಕು, ಒಂದು ಸೆಮಿಸ್ಟರ್‌ನಲ್ಲಿ ಒಂದೇ ಆನ್‌ಲೈನ್ ಕೋರ್ಸ್ ಲೆಕ್ಕಕ್ಕೆ ಬರುತ್ತದೆ. ಓದು ಮುಗಿಸಿ ದೇಶಕ್ಕೆ ಮರಳುವ ಉದ್ದೇಶವನ್ನೂ ತೋರಿಸಬೇಕು. ಗಂಡನ ಗ್ರೀನ್ ಕಾರ್ಡ್ ಅರ್ಜಿ ನಡೆಯುತ್ತಿರುವಾಗ ಇದು ಸೂಕ್ಷ್ಮ ವಿಚಾರ. ನಿಮ್ಮದೇ ಒಬ್ಬ ಇಮಿಗ್ರೇಷನ್ ಲಾಯರ್‌ಗೆ ಒಂದು ಗಂಟೆಯ ಫೀಸ್ ಕೊಟ್ಟು ಕೇಳಿ. ಆ ದುಡ್ಡು ದಂಡವಲ್ಲ.

ವಾಟ್ಸಾಪ್ ಗ್ರೂಪಿನ ಕಾನೂನು ಪಂಡಿತರನ್ನು ಮ್ಯೂಟ್ ಮಾಡಿ. 2025ರ ಸೆಪ್ಟೆಂಬರ್‌ನಲ್ಲಿ ಎಚ್-1ಬಿಗೆ ಒಂದು ಲಕ್ಷ ಡಾಲರ್ ಶುಲ್ಕದ ಘೋಷಣೆ ಬಂದಾಗ ಎಷ್ಟೋ ಜನ ರಜೆ ಬಿಟ್ಟು ವಿಮಾನ ಹತ್ತಲು ಓಡಿದರು. ಈಗಾಗಲೇ ವೀಸಾ ಇರುವವರಿಗೆ ಅದು ಅನ್ವಯಿಸುವುದಿಲ್ಲ ಎಂಬ ಸ್ಪಷ್ಟನೆ ಮರುದಿನವೇ ಬಂತು. ಅಮೆರಿಕದ ವಲಸೆ ಇಲಾಖೆ ಯುಎಸ್‌ಸಿಐಎಸ್‌ನ ವೆಬ್‌ಸೈಟ್ ಬುಕ್‌ಮಾರ್ಕ್ ಮಾಡಿಕೊಳ್ಳಿ. ನಿಯಮ ಬದಲಾಗುತ್ತಲೇ ಇರುತ್ತದೆ, ಮೂಲವನ್ನೇ ಓದುವವರಿಗೆ ಗಾಬರಿ ಕಮ್ಮಿ.

2. ಊರಿಗೆ ಹೋದಾಗಲೇ ಟ್ರಾನ್ಸ್‌ಕ್ರಿಪ್ಟ್ ಮಾಡಿಸಿ

ವಿಟಿಯು ಇರಲಿ, ಮೈಸೂರು ವಿಶ್ವವಿದ್ಯಾನಿಲಯ ಇರಲಿ, ಅರ್ಜಿ ಹಾಕಿ ಅಧಿಕೃತ ಟ್ರಾನ್ಸ್‌ಕ್ರಿಪ್ಟ್ ತೆಗೆಸಿ. ಒಂದಲ್ಲ, ನಾಲ್ಕೈದು ಸೆಟ್. ಎಲ್ಲ ಸೆಮಿಸ್ಟರ್‌ಗಳ ಮಾರ್ಕ್ಸ್ ಕಾರ್ಡ್, ಕಾನ್ವೊಕೇಷನ್ ಸರ್ಟಿಫಿಕೇಟ್, ಸಿಲಬಸ್ ಎಲ್ಲವನ್ನೂ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಡಲ್ಲಾಸ್‌ನಲ್ಲಿ ಕೂತು ಅಪ್ಪನನ್ನು ಯೂನಿವರ್ಸಿಟಿ ಕೌಂಟರ್‌ಗೆ ಅಲೆಸುವುದು ಯಾರಿಗೂ ಬೇಡ.

ಹೆಸರು ಸರಿಪಡಿಸಿಕೊಳ್ಳಿ. ಮಾರ್ಕ್ಸ್ ಕಾರ್ಡಿನಲ್ಲಿ ಬರೀ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು, ಮದುವೆಯಾದ ಮೇಲೆ ಗಂಡನ ಹೆಸರು! ನಮ್ಮವರ ಈ ಮೂರು ಅವತಾರ ಅಮೆರಿಕದ ಅಡ್ಮಿಷನ್ ಆಫೀಸಿಗೆ ಅರ್ಥವಾಗುವುದಿಲ್ಲ. ಒಂದು ಅಫಿಡವಿಟ್ ಮಾಡಿಸಿಡಿ.

ನಿಮ್ಮದು ಮೂರು ವರ್ಷದ ಬಿಎಸ್ಸಿ ಅಥವಾ ಬಿಕಾಂ ಆದರೆ ಡಬ್ಲ್ಯುಇಎಸ್‌ನಂಥ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಿ. ಮಾಸ್ಟರ್ಸ್‌ಗೆ ನಾಲ್ಕು ವರ್ಷದ ಪದವಿಯೇ ಬೇಕು ಅನ್ನುವ ಯೂನಿವರ್ಸಿಟಿಗಳಿವೆ, ಮೂರಕ್ಕೂ ಒಪ್ಪುವವೂ ಇವೆ. ಅಪ್ಲಿಕೇಷನ್ ಫೀಸ್ ಕಟ್ಟುವ ಮೊದಲೇ ಇಮೇಲ್ ಮಾಡಿ ಕೇಳಿ.

3. ಕಮ್ಯುನಿಟಿ ಕಾಲೇಜಿನಿಂದ ಶುರು ಮಾಡಿ

ಹೆಸರು ಕೇಳಿ ಮೂಗು ಮುರಿಯಬೇಡಿ. ಪ್ರೋಗ್ರಾಮಿಂಗ್, ಡೇಟಾ ಸ್ಟ್ರಕ್ಚರ್ಸ್, ಡಿಸ್ಕ್ರೀಟ್ ಮ್ಯಾಥ್ಸ್, ಕಂಪ್ಯೂಟರ್ ಆರ್ಗನೈಸೇಷನ್: ಈ ನಾಲ್ಕನ್ನು ಅಲ್ಲಿ ಕಡಿಮೆ ಫೀಸಿನಲ್ಲಿ ಮುಗಿಸಬಹುದು. ಅಮೆರಿಕದ ಗ್ರೇಡ್ ಕೈಗೆ ಸಿಗುತ್ತದೆ, ಹಳೆಯ ಡಿಗ್ರಿಯ ಮಾರ್ಕ್ಸ್ ಹಿಂದೆ ಸರಿಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿದ್ದರೆ ಅಸಿಸ್ಟ್ ವೆಬ್‌ಸೈಟ್ ನೋಡಿ. ಯಾವ ಕಾಲೇಜಿನ ಯಾವ ಕೋರ್ಸ್ ಯಾವ ಸರ್ಕಾರಿ ಯೂನಿವರ್ಸಿಟಿಯಲ್ಲಿ ಲೆಕ್ಕಕ್ಕೆ ಬರುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ. ಇನ್‌ಸ್ಟೇಟ್ ಫೀಸ್ ಸಿಗುತ್ತದೆಯೇ ಅಂತಲೂ ಕೇಳಿ. ಎಚ್-4ನವರಿಗೆ ಹಲವು ರಾಜ್ಯಗಳಲ್ಲಿ ಸಿಗುತ್ತದೆ, ಎಫ್-1ನವರಿಗೆ ಸಾಮಾನ್ಯವಾಗಿ ಇಲ್ಲ.

4. ವೀಸಾ ನೋಡಿ ಡಿಗ್ರಿ ಆರಿಸಿ

ರ‍್ಯಾಂಕಿಂಗ್ ಪಟ್ಟಿ ಆಮೇಲೆ ನೋಡಿ. ಬೇರೆ ವಿಷಯ ಓದಿದವರಿಗೆಂದೇ ಮಾಡಿದ ಮಾಸ್ಟರ್ಸ್ ಇವೆ: ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಎಂಸಿಐಟಿ, ನಾರ್ತ್‌ಈಸ್ಟರ್ನ್‌ನ ಅಲೈನ್. ಜಾರ್ಜಿಯಾ ಟೆಕ್ 2014ರಲ್ಲಿ ಶುರು ಮಾಡಿದ ಆನ್‌ಲೈನ್ ಮಾಸ್ಟರ್ಸ್‌ಗೆ ಇಡೀ ಪದವಿಯ ಖರ್ಚು ಹತ್ತು ಸಾವಿರ ಡಾಲರ್‌ಗಿಂತ ಕಡಿಮೆ. ಪುಟ್ಟ ಮಗು ಮನೆಯಲ್ಲಿರುವವರಿಗೆ ಇದಕ್ಕಿಂತ ಒಳ್ಳೆಯದು ಕಷ್ಟ. ಆದರೆ ನೆನಪಿಡಿ: ಪೂರ್ತಿ ಆನ್‌ಲೈನ್ ಪದವಿಗೆ ಎಫ್-1 ಇಲ್ಲ, ಒಪಿಟಿಯೂ ಇಲ್ಲ. ಇಎಡಿ ಇದ್ದರೆ ಅಥವಾ ಸದ್ಯದಲ್ಲೇ ಬರುವಂತಿದ್ದರೆ ಆನ್‌ಲೈನ್. ಇಲ್ಲವಾದರೆ ಕ್ಯಾಂಪಸ್.

5. ಅಡ್ಡದಾರಿಗೆ ನೋ ಅನ್ನಿ

"ಕ್ಲಾಸಿಗೆ ಬರೋದೇ ಬೇಡ, ಮೊದಲ ದಿನದಿಂದಲೇ ಕೆಲಸ" ಅನ್ನುವ ಕಾಲೇಜು ಕಂಡರೆ ಓಡಿ. 2011ರಲ್ಲಿ ಕ್ಯಾಲಿಫೋರ್ನಿಯಾದ ಟ್ರೈ-ವ್ಯಾಲಿ ಯೂನಿವರ್ಸಿಟಿ ಮುಚ್ಚಿದಾಗ ಬೀದಿಗೆ ಬಿದ್ದವರಲ್ಲಿ ಬಹುಪಾಲು ಭಾರತೀಯರು. ಮಿಷಿಗನ್‌ನ ಫಾರ್ಮಿಂಗ್ಟನ್ ಯೂನಿವರ್ಸಿಟಿಯನ್ನಂತೂ ವೀಸಾ ವಂಚನೆ ಹಿಡಿಯಲು ಸರ್ಕಾರವೇ ನಕಲಿಯಾಗಿ ಕಟ್ಟಿತ್ತು. 2019ರಲ್ಲಿ ಅದು ಬಯಲಾದಾಗಲೂ ಸಿಕ್ಕಿಬಿದ್ದವರು ಹೆಚ್ಚಾಗಿ ನಮ್ಮವರೇ. ರೆಸ್ಯೂಮೆಗೆ ಐದು ವರ್ಷದ ಸುಳ್ಳು ಅನುಭವ ಸೇರಿಸಿಕೊಡುವ ಕನ್ಸಲ್ಟೆನ್ಸಿಗಳೂ ಬೇಡ. ಸಂಬಳ ಇಲ್ಲ ಅಂದ ಮಾತ್ರಕ್ಕೆ ಕಂಪನಿ ಕೆಲಸ ವಾಲಂಟಿಯರ್ ಸೇವೆ ಆಗಿಬಿಡುವುದಿಲ್ಲ, ಇದನ್ನೂ ಲಾಯರ್‌ಗೆ ಕೇಳಿಯೇ ಒಪ್ಪಿ.

6. "ನಂಗೆ ಮ್ಯಾಥ್ಸ್ ಬರಲ್ಲ" ಅನ್ನುವ ಚಟ ಬಿಡಿ

ಹೌದು, ಅದು ಚಟವೇ. ಪಿಯುಸಿಯಲ್ಲಿ ಯಾರೋ ಅಂದದ್ದನ್ನು ಇಷ್ಟು ವರ್ಷ ಹೊತ್ತು ತಿರುಗುತ್ತಿದ್ದೀರಿ. ಸ್ಟೆಫನಿ ಶರ್ಲಿ ಬಗ್ಗೆ ಓದಿ. 1939ರಲ್ಲಿ ನಾಜಿಗಳಿಂದ ತಪ್ಪಿಸಿಕೊಳ್ಳಲು ಅಪ್ಪ-ಅಮ್ಮನನ್ನು ಬಿಟ್ಟು, ಯಹೂದಿ ಮಕ್ಕಳ ರೈಲಿನಲ್ಲಿ ಇಂಗ್ಲೆಂಡಿಗೆ ಬಂದಾಗ ಆಕೆಗೆ ಐದು ವರ್ಷ. ದೊಡ್ಡವಳಾಗಿ ಅಂಚೆ ಇಲಾಖೆಯ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುತ್ತಾ, ಆರು ವರ್ಷ ಸಂಜೆ ಕಾಲೇಜಿಗೆ ಹೋಗಿ ಗಣಿತದ ಪದವಿ ಪಡೆದರು. 1962ರಲ್ಲಿ ಆರು ಪೌಂಡ್ ಬಂಡವಾಳದಲ್ಲಿ ಸಾಫ್ಟ್‌ವೇರ್ ಕಂಪನಿ ತೆರೆದರು. ಮಕ್ಕಳಾದ ಮೇಲೆ ಕೆಲಸ ಬಿಟ್ಟಿದ್ದ ಹೆಂಗಸರನ್ನು ಹುಡುಕಿ ಮನೆಯಿಂದಲೇ ಕೋಡ್ ಬರೆಸಿದರು. ಹೆಣ್ಣಿನ ಹೆಸರಿನ ಪತ್ರಕ್ಕೆ ಉತ್ತರ ಬಾರದಿದ್ದಾಗ "ಸ್ಟೀವ್" ಅಂತ ಸಹಿ ಹಾಕಿದರು! ಕಾಂಕಾರ್ಡ್ ವಿಮಾನದ ಬ್ಲ್ಯಾಕ್ ಬಾಕ್ಸ್ ಪ್ರೋಗ್ರಾಂ ಬರೆದದ್ದು ಅವರ ತಂಡ.

ನಿಮ್ಮ ಕಾಲದಲ್ಲಿ ಹಾರ್ವರ್ಡ್‌ನ ಕಂಪ್ಯೂಟರ್ ಸೈನ್ಸ್ ಕೋರ್ಸ್ ಸಿಎಸ್50 ಉಚಿತವಾಗಿ ಸಿಗುತ್ತದೆ. ಇವತ್ತೇ ಮೊದಲ ಲೆಕ್ಚರ್ ನೋಡಿ.

7. ಲ್ಯಾಬ್ ರೆಕಾರ್ಡ್ ಕಾಲ ಮುಗಿಯಿತು

ಸೀನಿಯರ್‌ ಅಕ್ಕನ ರೆಕಾರ್ಡ್ ನೋಡಿ ಬರೆದು ಇಂಟರ್ನಲ್ಸ್ ದಾಟಿದ ದಿನಗಳು ನಮಗೆಲ್ಲ ಗೊತ್ತು. ಇಲ್ಲಿ ಅದು ನಡೆಯುವುದಿಲ್ಲ. ಒಂದು ಪ್ರೋಗ್ರಾಂ ಇನ್ನೊಂದರ ನಕಲೇ ಅಂತ ಹಿಡಿಯುವ ಮಾಸ್ ಸಾಫ್ಟ್‌ವೇರ್ 1994ರಿಂದಲೇ ಇದೆ. ವೇರಿಯಬಲ್ ಹೆಸರು ಬದಲಾಯಿಸಿದರೂ ಅದಕ್ಕೆ ಗೊತ್ತಾಗುತ್ತದೆ. ಎಫ್-1ರಲ್ಲಿದ್ದು ಸಸ್ಪೆಂಡ್ ಆದರೆ ವೀಸಾ ಸ್ಟೇಟಸ್ಸೇ ಹೋಗುತ್ತದೆ. ಎಐ ಬಳಸುವ ಮೊದಲು ಆ ಕೋರ್ಸಿನ ನಿಯಮ ಓದಿ.

ಅರ್ಥವಾಗದಿದ್ದರೆ ಆಫೀಸ್ ಅವರ್ಸ್‌ಗೆ ಹೋಗಿ. ಎರಡನೇ ವಾರದಿಂದಲೇ ಹೋಗಿ. ನಮ್ಮ ಕಾಲೇಜುಗಳಲ್ಲಿ ಎಚ್‌ಒಡಿ ಕ್ಯಾಬಿನ್‌ಗೆ ಹೋಗುವುದೆಂದರೆ ಬೈಸಿಕೊಳ್ಳಲು. ಇಲ್ಲಿ ಪ್ರೊಫೆಸರ್ ನಿಮಗಾಗಿಯೇ ಆ ಹೊತ್ತು ಕೂತಿರುತ್ತಾರೆ. ಮುಂದೆ ರೆಕಮೆಂಡೇಷನ್ ಲೆಟರ್ ಬರೆಯುವುದೂ ಅವರೇ, ಮುಖ ಪರಿಚಯ ಇರಲಿ.

8. ಅಡುಗೆಮನೆಗೂ ಸಿಲಬಸ್ ಇರಲಿ

ಯಾವ ದಿನ ಯಾರ ಅಡುಗೆ, ಮಗುವನ್ನು ಡೇಕೇರ್‌ನಿಂದ ಕರೆತರುವುದು ಯಾರು ಅಂತ ಬರೆದು ಫ್ರಿಜ್‌ಗೆ ಅಂಟಿಸಿ. ಬಾಯಿಮಾತಿನ ಒಪ್ಪಂದ ಪರೀಕ್ಷೆ ವಾರದಲ್ಲಿ ಮುರಿಯುತ್ತದೆ. ಅಮ್ಮನೋ ಅತ್ತೆಯೋ ಬಂದಿರುವ ಸೆಮಿಸ್ಟರ್‌ಗೆ ಆಪರೇಟಿಂಗ್ ಸಿಸ್ಟಮ್ಸ್‌ನಂಥ ಭಾರದ ಕೋರ್ಸ್ ಇಟ್ಟುಕೊಳ್ಳಿ. (ಅವರಿಗೆ ನಯಾಗರಾ ತೋರಿಸುವುದನ್ನು ಮರೆಯಬೇಡಿ. ಬಂದಿರುವುದು ನಿಮ್ಮನ್ನು ನೋಡಲು.) ಎಐ ಸಂಶೋಧನೆಯ ಚಿತ್ರಭಂಡಾರ ಇಮೇಜ್‌ನೆಟ್ ಕಟ್ಟಿದ ಫೇ-ಫೇ ಲೀ ಚೀನಾದಿಂದ ವಲಸೆ ಬಂದವರು. ಪ್ರಿನ್ಸ್‌ಟನ್‌ನಲ್ಲಿ ಓದುವಾಗ ವಾರಾಂತ್ಯಕ್ಕೆ ಮನೆಯವರ ಡ್ರೈ ಕ್ಲೀನಿಂಗ್ ಅಂಗಡಿ ನಡೆಸುತ್ತಿದ್ದರು. ಮನೆ ಕೆಲಸ ಇದ್ದೇ ಇರುತ್ತದೆ, ಅದಕ್ಕೊಂದು ಗಂಟೆ ಗೊತ್ತು ಮಾಡಿ.

9. ನಿಮಗೆ ಗೊತ್ತಿರುವುದನ್ನೇ ಪ್ರಾಜೆಕ್ಟ್ ಮಾಡಿ

ಟು-ಡು ಲಿಸ್ಟ್, ವೆದರ್ ಆ್ಯಪ್ ಸಾಕು ಮಾಡಿ. ರೆಸ್ಯೂಮೆ ನೋಡುವವರಿಗೂ ಅವು ಸಾಕಾಗಿವೆ. ಬ್ಯಾಂಕಿನಲ್ಲಿ ದುಡಿದಿದ್ದರೆ ಬ್ಯಾಂಕಿನ ಸಮಸ್ಯೆ ಹಿಡಿಯಿರಿ. ಏನೂ ಹೊಳೆಯದಿದ್ದರೆ ಕನ್ನಡವನ್ನೇ ಹಿಡಿಯಿರಿ. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ "ಕ್ಷ" ಯೂನಿಕೋಡ್‌ನಲ್ಲಿ ಮೂರು ಕೋಡ್ ಪಾಯಿಂಟ್: ಕ, ಹಲಂತ ಚಿಹ್ನೆ, ಷ. ಹಾಗಾದರೆ "ಅಕ್ಷರ" ಪದವನ್ನು ಹಿಂದುಮುಂದು ಮಾಡುವ ಪ್ರೋಗ್ರಾಂ ಹೇಗೆ ಬರೆಯುತ್ತೀರಿ? ಪುಸ್ತಕದಲ್ಲಿ ಕಲಿತ ಸ್ಟ್ರಿಂಗ್ ರಿವರ್ಸ್ ಇಲ್ಲಿ ಒತ್ತಕ್ಷರವನ್ನು ಒಡೆದು ಹಾಕುತ್ತದೆ. ಅದನ್ನು ಬಗೆಹರಿಸಿ, ಟೆಸ್ಟ್ ಬರೆದು, ಗಿಟ್‌ಹಬ್‌ಗೆ ಹಾಕಿ. ಇಂಟರ್‌ವ್ಯೂನಲ್ಲಿ ಹತ್ತು ನಿಮಿಷ ನಿಮ್ಮದೇ.

ಲೀಟ್‌ಕೋಡ್ ಬಿಡಬೇಡಿ. ದಿನಕ್ಕೊಂದು ಸಮಸ್ಯೆ ಸಾಕು, ಆದರೆ ಜೋರಾಗಿ ಹೇಳಿಕೊಂಡು ಬಿಡಿಸಿ. ಬಾಯಿ ಬಿಡದೆ ಬರೆದ ಸರಿ ಉತ್ತರಕ್ಕೆ ಇಲ್ಲಿ ಅರ್ಧ ಮಾರ್ಕ್ಸ್.

10. ಜನರನ್ನು ಕೇಳಿ, ನೇರವಾಗಿ ಕೇಳಿ

ಕನ್ನಡ ಕೂಟದ ಯುಗಾದಿ ಊಟಕ್ಕೆ ಹೋಗುತ್ತೀರಲ್ಲ? ಒಬ್ಬಟ್ಟಿನ ಸಾಲಿನಲ್ಲಿ ನಿಮ್ಮ ಹಿಂದೆ ನಿಂತಿರುವವರು ಎಂಜಿನಿಯರಿಂಗ್ ಮ್ಯಾನೇಜರ್ ಇರಬಹುದು. "ನಾನು ಇಂಥವರ ಹೆಂಡತಿ" ಅಂತ ಶುರು ಮಾಡಬೇಡಿ. ಏನು ಓದುತ್ತಿದ್ದೀರಿ, ಏನು ಕಟ್ಟಿದ್ದೀರಿ ಅಂತ ಹೇಳಿ, ರೆಫರಲ್ ಕೇಳಿ. ಕಂಪ್ಯೂಟಿಂಗ್ ಕ್ಷೇತ್ರದ ಮಹಿಳೆಯರಿಗಾಗಿ 1994ರಿಂದ ನಡೆಯುತ್ತಿರುವ ಗ್ರೇಸ್ ಹಾಪರ್ ಸಮ್ಮೇಳನದ ವಿದ್ಯಾರ್ಥಿ ಸ್ಕಾಲರ್‌ಶಿಪ್ ಬಗ್ಗೆ ವಿಚಾರಿಸಿ. ರೆಸ್ಯೂಮೆ ಒಂದೇ ಪುಟ ಇರಲಿ. ಫೋಟೊ, ಹುಟ್ಟಿದ ದಿನ, ಮದುವೆಯಾಗಿದೆಯೇ ಅನ್ನುವುದು ಯಾವುದೂ ಬೇಡ. ಓದು ಬಿಟ್ಟ ವರ್ಷಗಳ ಬಗ್ಗೆ ಕೇಳಿದರೆ ಒಂದೇ ಸಾಲಿನಲ್ಲಿ ಉತ್ತರಿಸಿ, ಕ್ಷಮೆ ಕೇಳಬೇಡಿ.

11. ತಾರೀಖು ಹಿಡಿಯಿರಿ, ಸಂಬಳ ಕೇಳಿ

ಒಪಿಟಿ ಅರ್ಜಿಯ ಕಿಟಕಿ ಕೋರ್ಸ್ ಮುಗಿಯುವ 90 ದಿನ ಮೊದಲು ತೆರೆಯುತ್ತದೆ. ಮೊದಲ ವಾರವೇ ಹಾಕಿ. ಒಪಿಟಿ ಶುರುವಾದ ಮೇಲೆ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ಇಎಡಿ ಇರುವವರು ರಿನ್ಯೂವಲ್‌ಗೆ ಆರು ತಿಂಗಳ ಮುಂಚೆಯೇ ಅರ್ಜಿ ಹಾಕಿ. 2025ರ ಅಕ್ಟೋಬರ್ ಕೊನೆಯಿಂದ ಹೊಸ ಅರ್ಜಿ ಹಾಕಿದ ಮಾತ್ರಕ್ಕೆ ಹಳೆಯ ಕಾರ್ಡ್ ತಾನಾಗಿ ಮುಂದುವರಿಯುವುದಿಲ್ಲ. ಎಚ್-1ಬಿ ಲಾಟರಿಗೆ ಕಂಪನಿ ಮಾರ್ಚ್‌ನಲ್ಲಿ ನೋಂದಾಯಿಸುತ್ತದೆ, ಜನವರಿಯಲ್ಲೇ ಎಚ್ಆರ್‌ಗೆ ನೆನಪಿಸಿ. ಅಮೆರಿಕದ ಮಾಸ್ಟರ್ಸ್ ಇದ್ದರೆ 65,000ದ ಜೊತೆ ಇನ್ನೂ 20,000 ಸೀಟುಗಳ ಅವಕಾಶ ನಿಮಗಿದೆ. ಎಚ್-4ರಲ್ಲಿ ಕಳೆದ ವರ್ಷಗಳು ನಿಮ್ಮ ಎಚ್-1ಬಿಯ ಆರು ವರ್ಷದಲ್ಲಿ ಕಳೆದುಹೋಗುವುದಿಲ್ಲ.

ಆಫರ್ ಬಂತೇ? ಅದೇ ಫೋನಿನಲ್ಲಿ "ಓಕೆ" ಅನ್ನಬೇಡಿ. ಎರಡು ದಿನ ಕೇಳಿ. ಕ್ಯಾಲಿಫೋರ್ನಿಯಾದಲ್ಲಿ 15 ಅಥವಾ ಹೆಚ್ಚು ನೌಕರರಿರುವ ಕಂಪನಿಗಳು 2023ರಿಂದ ಜಾಹೀರಾತಿನಲ್ಲೇ ಸಂಬಳದ ಶ್ರೇಣಿ ಹಾಕಬೇಕು. ನಿಮ್ಮ ಹಿಂದಿನ ಸಂಬಳ ಎಷ್ಟಿತ್ತು ಅಂತ ಕೇಳುವಂತೆಯೇ ಇಲ್ಲ. ಶ್ರೇಣಿಯ ಮೇಲ್ತುದಿ ನೋಡಿ ಮಾತಾಡಿ. ಬೆಂಗಳೂರಿನ ಹಳೆಯ ಸಂಬಳವನ್ನು ಡಾಲರ್‌ಗೆ ಬದಲಾಯಿಸುತ್ತಾ ಕೂರಬೇಡಿ. ಮೊದಲ ಪೇಚೆಕ್ ನಿಮ್ಮ ಹೆಸರಿನ ಅಕೌಂಟಿಗೇ ಬರಲಿ. ಅಕೌಂಟ್ ಇನ್ನೂ ಇಲ್ಲದಿದ್ದರೆ ಪಾಸ್‌ಪೋರ್ಟ್ ಹಿಡಿದು ನಾಳೆಯೇ ಬ್ಯಾಂಕಿಗೆ ಹೋಗಿ.