ಮನಸ್ಸಿನಲ್ಲೇ ಐದು ಎಣಿಸು

ಮೊನ್ನೆ ನಾನು ನಿಮ್ಮನೆಗೆ ಬಂದಾಗ ನೀನು ಪುಟ್ಟಿಯ ಮುಂದೆ ಚಿತ್ರದ ಕಾರ್ಡುಗಳನ್ನು ಹರಡಿಕೊಂಡು ಕೂತಿದ್ದೆ. "ಇನ್ನು ಹದಿನೈದು ದಿನಕ್ಕೆ ಆಫೀಸು ಶುರು ದೊಡ್ಡಮ್ಮ, ಇವಳಿಗೆ ಏನಾದ್ರೂ ಕಲಿಸೋಕೆ ಟೈಮೇ ಸಿಗ್ತಿಲ್ಲ" ಅನ್ನುವಾಗ ನಿನ್ನ ಕಣ್ಣು ತುಂಬಿತ್ತು. ಮನೆ ತುಂಬ ಜನ, ಅವತ್ತು ಹೇಳಲಾಗಲಿಲ್ಲ. ರಾಜ್ಯದಲ್ಲಿ ಅಂಗನವಾಡಿ ಮೊದಲು ಶುರುವಾದದ್ದು ನಮ್ಮ ಟಿ. ನರಸೀಪುರದಲ್ಲಿ, 1975ರಲ್ಲಿ. ಅಲ್ಲೇ ಇಪ್ಪತ್ತೆಂಟು ವರ್ಷ ಮಕ್ಕಳ ಜೊತೆ ಕಳೆದವಳು ನಾನು. ಕಲಿಸೋಕೆ ಅಂತ ಬೇರೆ ಟೈಮು ಹುಡುಕಬೇಡ ಮಗಳೇ. ಮೀಯಿಸುವುದು, ಉಣಿಸುವುದು, ಬಟ್ಟೆ ಮಡಿಸುವುದು, ನೀನು ಹೇಗೂ ಮಾಡುವ ಇದರಲ್ಲೇ ಎಲ್ಲ ಇದೆ. ಮಾತಾಡಿಸಿದ ಮೇಲೆ ಅವಳ ಉತ್ತರಕ್ಕೆ ಕಾಯುವುದನ್ನು ಮಾತ್ರ ರೂಢಿ ಮಾಡಿಕೋ.

ಮೀಯಿಸಲು ಕಾಲು ನೀಡಿ ಕೂತು ಅವಳನ್ನು ಕಾಲಮೇಲೆ ಮಲಗಿಸಿಕೊಂಡಾಗ, "ಎಲ್ಲಿ ಪುಟ್ಟಿ ಕಾಲು? ಎಣ್ಣೆ ಹಚ್ಚೋಣ್ವಾ?" ಅಂತ ಕೇಳು. ಕೇಳಿ ಸುಮ್ಮನಿರು. ಮನಸ್ಸಿನಲ್ಲೇ ಐದು ಎಣಿಸು. ಮೊದಲು ಕಾಲು ಒದೆಯುತ್ತಾಳೆ, ಆಮೇಲೆ ಅವಳ ಕಣ್ಣು ನಿನ್ನ ತುಟಿಯ ಮೇಲೆ ನಿಲ್ಲುತ್ತದೆ, ಆಮೇಲೆ "ಬ್ಬ" ಅಂತ ಒಂದು ಸದ್ದು. ನೀನೂ "ಬ್ಬ" ಅನ್ನು. ಮತ್ತೆ ಅವಳ ಸರದಿ. ಮಾತು ಹುಟ್ಟುವುದು ಹೀಗೆ. ನಾವು ದೊಡ್ಡವರು ಎರಡು ಎಣಿಸುವಷ್ಟರಲ್ಲಿ ಮುಂದಿನ ಮಾತು ಸುರಿದುಬಿಡುತ್ತೇವೆ. ನನ್ನ ದೊಡ್ಡ ಮಗನಿಗೆ ನಾನೂ ಹಾಗೇ ಮಾಡಿದೆ. ಅವನು ಏನು ಹೇಳಲು ಹೊರಟಿದ್ದನೋ, ಕೇಳಿಸಿಕೊಳ್ಳಲಿಲ್ಲವಲ್ಲ ಅನ್ನುವ ನೋವು ಈಗಲೂ ಇದೆ.

ಸ್ನಾನದ ಮಾತು ಬಂತು, ಇದನ್ನೂ ಹೇಳಿಬಿಡುತ್ತೇನೆ. ಮೀಯಿಸಲು ಬರುವ ಅಜ್ಜಿ ಮೂಗಿಗೆ, ಕಿವಿಗೆ ಎಣ್ಣೆ ಬಿಡುತ್ತೇನೆ ಅಂದರೆ ಬಿಡಬೇಡ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಸಾಂಬ್ರಾಣಿ ಹೊಗೆಯೂ ಬೇಡ.

ಅಡುಗೆಮನೆಯಲ್ಲಿ ನಿನ್ನ ಕಣ್ಣಳತೆಯಲ್ಲೇ ಚಾಪೆ ಹಾಕಿ ಕೂರಿಸಿ, ಸ್ಟೀಲ್ ಲೋಟ, ಸೌಟು, ಮುಚ್ಚಳ ಕೊಡು. ಬಡಿಯಲಿ, ಬೀಳಿಸಲಿ. ಎತ್ತಿಕೊಟ್ಟರೆ ಮತ್ತೆ ಬೀಳಿಸುತ್ತಾಳೆ. ಅದು ಹಠ ಅಲ್ಲ. ಬಿಟ್ಟರೆ ಏನಾಗುತ್ತೆ, ಪ್ರತಿಸಲ ಹಾಗೇ ಆಗುತ್ತಾ ಅಂತ ಪರೀಕ್ಷೆ ಮಾಡುತ್ತಿದ್ದಾಳೆ. ಉಣಿಸುವಾಗಲೂ ರಾಗಿ ಸರಿಯ ಬಟ್ಟಲಿಗೆ ಕೈ ಹಾಕಲಿ ಬಿಡು, ನೆಲ ಒರೆಸಿದರಾಯಿತು. ಇನ್ನೆರಡು ಮೂರು ತಿಂಗಳಿಗೆ ತಟ್ಟೆಯಲ್ಲಿ ಬಿದ್ದ ಅನ್ನದ ಅಗುಳನ್ನು ಹೆಬ್ಬೆರಳು, ತೋರುಬೆರಳಲ್ಲಿ ಹೆಕ್ಕುತ್ತಾಳೆ, ನೋಡು. ಆಮೇಲೆ ಕೈಗೆ ಸಿಕ್ಕಿದ್ದೆಲ್ಲ ಬಾಯಿಗೇ. ಕಡಲೆಬೀಜ, ನಾಣ್ಯ, ರಿಮೋಟಿನ ಸಣ್ಣ ಸೆಲ್ಲು ಯಾವುದೂ ನೆಲದ ಮೇಲೆ ಇರಕೂಡದು.

ವಾಕರ್ ತರುತ್ತೇನೆ ಅಂದ ನಿನ್ನ ಗಂಡನಿಗೆ ಬೇಡ ಅನ್ನು. ಅದರಿಂದ ನಡಿಗೆ ಬೇಗ ಬರುವುದಿಲ್ಲ, ಮೆಟ್ಟಿಲಿನಿಂದ ಉರುಳುವ ಅಪಾಯ ಬೇರೆ. ನೆಲದ ಮೇಲೆ ಬೋರಲಾಗಿ ಹೊರಳಾಡಲಿ, ತೆವಳಲಿ. ಉಣ್ಣಿಸುವಾಗ ಮೊಬೈಲು ಕೈಗೆ ಕೊಡಬೇಡ. ವರ್ಷದೊಳಗಿನ ಕೂಸಿಗೆ ಸ್ಕ್ರೀನೇ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ, ಎರಡು ವರ್ಷದವರೆಗೂ ಬೇಡ ಅನ್ನುತ್ತಾರೆ ನಮ್ಮ ಮಕ್ಕಳ ವೈದ್ಯರು. ಮೊಬೈಲಿನಲ್ಲಿ ಹಾಡುವ ಗೊಂಬೆ ಪುಟ್ಟಿಯ "ಬ್ಬ"ಗೆ ಕಾಯುವುದಿಲ್ಲವಲ್ಲ. ಹಿಂದಿನಿಂದ ಕರೆದರೆ ತಿರುಗುತ್ತಾಳಾ ಅನ್ನುವುದನ್ನೂ ಗಮನಿಸುತ್ತಿರು. ಅನುಮಾನ ಬಂದರೆ, ನೆಂಟರು ಏನೇ ಅನ್ನಲಿ, ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ತಕ್ಷಣ ಕರೆದುಕೊಂಡು ಹೋಗು.

ಇನ್ನು ನೀನು ಹೊರಡುವ ವಿಷಯ. ಸೆರಗಿನಲ್ಲಿ ಮುಖ ಮುಚ್ಚಿ "ಅಮ್ಮ ಎಲ್ಲಿ?" ಅಂತ ಆಡುತ್ತೀಯಲ್ಲ, ಅದನ್ನು ದಿನಾ ಆಡು. ಈ ವಯಸ್ಸಿನಲ್ಲೇ ಮಕ್ಕಳಿಗೆ, ಕಣ್ಣಿಗೆ ಕಾಣದಿದ್ದರೂ ವಸ್ತು ಎಲ್ಲೋ ಇದೆ ಅನ್ನುವುದು ಹೊಳೆಯತೊಡಗುತ್ತದೆ. ಅಮ್ಮ ಕಾಣದಾಗ ಅಳು ಹೆಚ್ಚುವುದೂ ಅದೇ ತಿಳಿವಳಿಕೆಯಿಂದಲೇ. ಅಮ್ಮ ಎಲ್ಲೋ ಇದ್ದಾಳೆ, ಇಲ್ಲಿಲ್ಲ ಅಂತ ಗೊತ್ತಾಗುತ್ತೆ. ಬರುತ್ತಾಳೆ ಅನ್ನುವುದು ಇನ್ನೂ ಗೊತ್ತಿರುವುದಿಲ್ಲ. ಸೆರಗು ಸರಿಸಿದಾಗೆಲ್ಲ ಅದನ್ನೇ ಕಲಿಯುತ್ತಾಳೆ. ಅದಕ್ಕೇ ಆಫೀಸಿಗೆ ಹೊರಡುವಾಗ ಹಿತ್ತಲ ಬಾಗಿಲಿಂದ ಕದ್ದು ಹೋಗಬೇಡ. ಅತ್ತರೂ ಸರಿ, ಮುತ್ತು ಕೊಟ್ಟು, ಟಾಟಾ ಮಾಡಿ, ಅವಳು ನೋಡುತ್ತಿರುವಾಗಲೇ ಹೋಗು. ನಾನು ಎತ್ತಿಕೊಂಡಿರುತ್ತೇನೆ.

ಸಂಜೆ ಬಂದ ಕೂಡಲೇ ಬ್ಯಾಗು, ಫೋನು ಎರಡನ್ನೂ ಬದಿಗಿಟ್ಟು ಕೈಕಾಲು ತೊಳೆದು, ಬಾಗಿಲ ಮರೆಯಿಂದ ಒಮ್ಮೆ ಇಣುಕು. ಅವಳೇ ಕೂಗುವವರೆಗೆ ಏನೂ ಮಾತಾಡಬೇಡ.