‘ಚಾರ್ಜ್’ ಕ್ರಿಯಾಪದದ ಅರ್ಥವ್ಯಾಪ್ತಿ ಮತ್ತು ಕನ್ನಡ ಸಮಾನಪದಗಳ ಸಮಸ್ಯೆ

ಒಂದು ಇಂಗ್ಲಿಷ್ ಪದದ ಎದುರಿಗೆ ಹಲವು ಕನ್ನಡ ಪದಗಳನ್ನು ಸಾಲಾಗಿ ಕೊಡುವುದು ದ್ವಿಭಾಷಾ ನಿಘಂಟುಗಳ ರೂಢಿ. ಯಾವ ಪದವು ಯಾವ ಜ್ಞಾನಕ್ಷೇತ್ರಕ್ಕೆ ಸಲ್ಲುತ್ತದೆ ಎಂಬುದು ಸ್ಪಷ್ಟವಾಗದಿದ್ದಾಗ ಅನುವಾದದಲ್ಲಿ ಅರ್ಥವು ದಿಕ್ಕು ತಪ್ಪುತ್ತದೆ. ‘ಚಾರ್ಜ್’ ಎಂಬ ಕ್ರಿಯಾಪದವನ್ನು ನಿದರ್ಶನವಾಗಿಟ್ಟುಕೊಂಡು ಈ ಸಮಸ್ಯೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ಈ ಪದದ ಮೂಲ ಲ್ಯಾಟಿನ್ನಿನ ‘ಕಾರಸ್’, ಅಂದರೆ ಬಂಡಿ. ಅದರಿಂದ ‘ಬಂಡಿಗೆ ಹೇರು’ ಎಂಬ ಅರ್ಥದ ‘ಕಾರಿಕಾರೆ’ ಹುಟ್ಟಿ, ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷನ್ನು ಸೇರಿತು. ‘ಕಾರು’, ‘ಕಾರ್ಗೊ’ ಪದಗಳೂ ಇದೇ ಕುಲದವು. ಆದ್ದರಿಂದ ‘ಚಾರ್ಜ್’ನ ಮೂಲಾರ್ಥ ಹೊರೆ ಹೇರುವುದು.

ಹೊರೆಯು ವ್ಯಕ್ತಿಯ ಮೇಲೆ ಬೀಳುವಲ್ಲೆಲ್ಲ ಕನ್ನಡವೂ ಇದೇ ಕಲ್ಪನೆಯನ್ನು ಬಳಸುತ್ತದೆ. ಹೊಣೆಯನ್ನು ‘ಹೊರಿಸುತ್ತೇವೆ’, ತೆರಿಗೆಯನ್ನು ‘ಹೇರುತ್ತೇವೆ’. ಆಡಳಿತದ ‘ಪ್ರಭಾರ’, ‘ಕಾರ್ಯಭಾರ’ಗಳಲ್ಲಿ ‘ಭಾರ’ವೇ ಇದೆ. ‘ಆರೋಪ’ ಎಂಬ ಸಂಸ್ಕೃತ ಪದದ ಮೂಲಾರ್ಥವೂ ಮೇಲೆ ಏರಿಸುವುದೇ. ಹೀಗಾಗಿ ‘ಆರೋಪ ಹೊರಿಸು’ ಎಂಬಲ್ಲಿ ಹೊರೆಯ ಕಲ್ಪನೆ ಎರಡು ಬಾರಿ ಬಂದಿದೆ.

ಉಳಿದ ಕ್ಷೇತ್ರಗಳಲ್ಲಿ ಈ ಸಾಮ್ಯ ಕಾಣದು. 18ನೇ ಶತಮಾನದಲ್ಲಿ ಲೇಡನ್ ಜಾಡಿಯ ಪ್ರಯೋಗಗಳನ್ನು ವಿವರಿಸುವಾಗ ಬೆಂಜಮಿನ್ ಫ್ರಾಂಕ್ಲಿನ್ ಈ ಪದವನ್ನು ವಿದ್ಯುತ್ತಿಗೆ ಬಳಸಿದನು. ಕನ್ನಡ ಪಠ್ಯಪುಸ್ತಕಗಳ ‘ವಿದ್ಯುದಾವೇಶ’ದಲ್ಲಿರುವುದು ತುಂಬುವ ಕಲ್ಪನೆಯಲ್ಲ, ಒಳಹೊಗುವ ಕಲ್ಪನೆ, ದೈವದ ಆವೇಶವೂ ಅದೇ ಪದ. ಜನಬಳಕೆಯಾದರೋ ಮೊಬೈಲನ್ನು ‘ಚಾರ್ಜಿಗೆ ಹಾಕಿ’, ‘ಚಾರ್ಜ್ ಖಾಲಿಯಾಯಿತು’ ಎನ್ನುತ್ತದೆ. ಪಾತ್ರೆ ತುಂಬಿ ಬರಿದಾಗುವ ಈ ಕಲ್ಪನೆ ಆ ಜಾಡಿಗೇ ಹೆಚ್ಚು ಹತ್ತಿರವಾದುದು. ಸೈನಿಕ ಸಂದರ್ಭದಲ್ಲಿ ಈ ಪದವು ವೇಗವಾಗಿ ಮುನ್ನುಗ್ಗುವುದನ್ನು ಹೇಳಿದರೆ, ಪತ್ರಿಕೆಗಳ ‘ಲಾಠಿ ಪ್ರಹಾರ’ವು ನುಗ್ಗುವುದನ್ನು ಬಿಟ್ಟು ಹೊಡೆತವನ್ನಷ್ಟೇ ಹೇಳುತ್ತದೆ.

ಈ ವ್ಯತ್ಯಾಸಗಳಿಂದ ಹೆಚ್ಚಿನ ಹಾನಿಯಾಗದು. ಆದರೆ ಕಾನೂನಿನ ಕ್ಷೇತ್ರದಲ್ಲಿ ಸ್ಥಿತಿ ಬೇರೆ. ಅಲ್ಲಿ ಒಬ್ಬರು ಮತ್ತೊಬ್ಬರ ಮೇಲೆ ಮಾಡುವ ಬಾಯಿಮಾತಿನ ದೂಷಣೆ, ತನಿಖೆಯ ಕೊನೆಗೆ ಪೊಲೀಸರು ಸಲ್ಲಿಸುವ ‘ಚಾರ್ಜ್‌ಶೀಟ್’, ನ್ಯಾಯಾಲಯವು ದಾಖಲೆ ಪರಿಶೀಲಿಸಿ ಲಿಖಿತವಾಗಿ ರೂಪಿಸುವ ‘ಚಾರ್ಜ್’ ಇವು ಮೂರು ಬೇರೆ ಬೇರೆ ಹಂತಗಳು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಎರಡನೆಯದರ ಹೆಸರು ‘ಪೊಲೀಸ್ ವರದಿ’ ಎಂದಷ್ಟೇ ಇತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಈ ಭೇದವನ್ನು ಉಳಿಸಿಕೊಂಡಿದೆ. ಕನ್ನಡದಲ್ಲಿ ಮೂರಕ್ಕೂ ‘ಆರೋಪ’ವೇ ಬಳಕೆಯಾದಾಗ ಪೊಲೀಸರ ಅಭಿಪ್ರಾಯವು ನ್ಯಾಯಾಲಯದ ನಿರ್ಣಯದಂತೆ ತೋರುತ್ತದೆ. ‘ದೋಷಾರೋಪ ಪಟ್ಟಿ’ ಎಂದಾಗ ‘ದೋಷ’ ಶಬ್ದವು ಓದುಗರ ಮನಸ್ಸಿನಲ್ಲಿ ತೀರ್ಪನ್ನು ಮುಂಚಿತವಾಗಿಯೇ ಬರೆದಿಡುತ್ತದೆ. ಹೊರೆ ಇಳಿಸುವ ಪದಗಳಿಗೂ ಇದೇ ಗತಿ. ಆರೋಪ ರೂಪಿಸುವ ಮೊದಲೇ ಕೈಬಿಡುವುದು, ವಿಚಾರಣೆಯ ನಂತರ ಖುಲಾಸೆ, ಜಾಮೀನಿನ ಮೇಲಿನ ಮುಕ್ತಿ ಎಲ್ಲಕ್ಕೂ ‘ಬಿಡುಗಡೆ’ ಎಂದರೆ ಆ ವ್ಯಕ್ತಿಯ ಸ್ಥಿತಿ ಏನೆಂದು ತಿಳಿಯದು.

ಇದಕ್ಕೆ ಹೊಸ ಪದಗಳನ್ನು ಟಂಕಿಸಬೇಕಾಗಿಲ್ಲ. ಮೊದಲ ಹಂತಕ್ಕೆ ‘ಆಪಾದನೆ’, ಎರಡನೆಯದಕ್ಕೆ ‘ಆರೋಪಪಟ್ಟಿ’, ಮೂರನೆಯದಕ್ಕೆ ‘ಆರೋಪ ನಿಗದಿ’ ಎಂಬ ಬಳಕೆಯಲ್ಲಿರುವ ಪದಗಳನ್ನೇ ನಿಯತವಾಗಿ ಬಳಸಬಹುದು.

ಒಟ್ಟಿನಲ್ಲಿ, ಸಮಾನಪದದ ಆಯ್ಕೆಗೆ ಇಂಗ್ಲಿಷ್ ಪದವೊಂದೇ ಆಧಾರವಾಗದು. ಹೇರುವವರು ಯಾರು, ಹೇರುವುದು ಏನನ್ನು, ಯಾರ ಮೇಲೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆಯೇ ಕನ್ನಡದ ಕ್ರಿಯಾಪದ ನಿರ್ಧಾರವಾಗಬೇಕು. ನಿಘಂಟುಗಳು ಪ್ರತಿ ಅರ್ಥದೊಡನೆ ಕ್ಷೇತ್ರಸೂಚನೆಯನ್ನೂ ಒಂದು ಪೂರ್ಣ ಪ್ರಯೋಗವಾಕ್ಯವನ್ನೂ ಕೊಡುವುದು ಈ ನಿಟ್ಟಿನಲ್ಲಿ ಅಗತ್ಯ.